ದಾಟು, ಹೊಸೆ, ದಾಟು... ಇದೇ ಲೇಸು!

ಮಗುವಿನ ಫ್ರಾಕಿಗೋ ದಿಂಬಿನ ಚೀಲಕ್ಕೋ ಲೇಸ್ ಬೇಕೆಂದು ಅಂಗಡಿಗೆ ಹೋದರೆ ಸುರುಳಿ ಬಿಚ್ಚಿ, ಮೀಟರ್ ಲೆಕ್ಕದಲ್ಲಿ ಅಳೆದು, ಕತ್ತರಿಸಿ ಕೊಡುತ್ತಾರೆ. ಯಂತ್ರದಿಂದ ಹೊರಬಿದ್ದ ಆ ಪಟ್ಟಿಯಲ್ಲಿ ಹೂವೂ ಇರುತ್ತದೆ, ಎಲೆಯೂ ಇರುತ್ತದೆ, ಸಾಲುಸಾಲು ಕಿಂಡಿಗಳೂ ಇರುತ್ತವೆ. ಆದರೆ ಆ ಹೂವು, ಎಲೆ, ಕಿಂಡಿಗಳನ್ನು ಮೊದಲು ಹೆಣೆದದ್ದು ಯಂತ್ರವಲ್ಲ, ಬೆರಳುಗಳು. ಒಂದು ದಿಂಬು, ಹಿಡಿಯಷ್ಟು ಗುಂಡುಸೂಜಿ, ಕೆಲವು ಮರದ ಕಡ್ಡಿಗಳಿಗೆ ಸುತ್ತಿದ ದಾರ. ಇಷ್ಟನ್ನೇ ಇಟ್ಟುಕೊಂಡು ಯುರೋಪಿನ ಹೆಣ್ಣುಮಕ್ಕಳು ಮುನ್ನೂರು ವರ್ಷ ಕಾಲ ರಾಜರಾಣಿಯರ ಕೊರಳು, ಮುಂಗೈಗಳನ್ನು ಸಿಂಗರಿಸಿದರು. ಆ ಕಲೆಯ ಹೆಸರು ಬಾಬಿನ್ ಲೇಸ್.

ಹಾಲೆಂಡಿನ ಚಿತ್ರಕಾರ ಯೊಹಾನೆಸ್ ವರ್ಮೀರ್ 1669-70ರ ಸುಮಾರಿಗೆ ಬರೆದ ಒಂದು ಚಿತ್ರ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಹಳದಿ ಉಡುಪಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ಲೇಸ್ ಹೆಣೆಯುತ್ತಿದ್ದಾಳೆ. ಎತ್ತರ ಸುಮಾರು 24 ಸೆಂ.ಮೀ., ಅಗಲ 21 ಸೆಂ.ಮೀ. ಶಾಲೆಯ ನೋಟ್‌ಬುಕ್ಕಿಗಿಂತ ಹೆಚ್ಚೇನೂ ದೊಡ್ಡದಲ್ಲ. ಆದರೆ ಆ ಹುಡುಗಿಯ ಕಣ್ಣಿನ ಏಕಾಗ್ರತೆಯನ್ನು ನೋಡಿದವರು ಸುಲಭವಾಗಿ ಮರೆಯಲಾರರು. ಅಷ್ಟು ಕಷ್ಟದ ಕೆಲಸವೇ ಅದು? ಕೌತುಕದ ಸಂಗತಿಯೆಂದರೆ, ಬಾಬಿನ್ ಲೇಸಿನಲ್ಲಿ ಇರುವುದು ಎರಡೇ ಎರಡು ಚಲನೆ. ದಾಟುವುದು ಒಂದು, ಹೊಸೆಯುವುದು ಇನ್ನೊಂದು. ಮಹಾರಾಣಿಯ ಮದುವೆಯ ಉಡುಪಿನಲ್ಲಿರುವುದೂ ಈ ಎರಡೇ, ಮೊದಲ ದಿನ ಕೂತ ಮಗು ಕಲಿಯುವುದೂ ಈ ಎರಡೇ.

ಸೂಜಿಯಿಲ್ಲ, ಮಗ್ಗವಿಲ್ಲ

ಕನ್ನಡದಲ್ಲಿ ‘ಲೇಸು’ ಎಂದರೆ ಒಳ್ಳೆಯದು. ಇಂಗ್ಲಿಷಿನ ‘ಲೇಸ್’ ಪದಕ್ಕೂ ಅದಕ್ಕೂ ನಂಟಿಲ್ಲ. ಕುಣಿಕೆ ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ. ಕಸೂತಿ ಹಾಕಬೇಕಾದರೆ ಮೊದಲು ಬಟ್ಟೆ ಬೇಕು, ಆಮೇಲೆ ಸೂಜಿ. ಕ್ರೋಷಾಕ್ಕೆ ಒಂದೇ ದಾರ, ಒಂದೇ ಕೊಕ್ಕೆಕಡ್ಡಿ. ಬಾಬಿನ್ ಲೇಸಿಗೆ ಇವಾವುವೂ ಬೇಡ. ಇಲ್ಲಿ ಹಲವು ದಾರಗಳನ್ನು ಒಂದರ ಮೇಲೊಂದು ಹಾಯಿಸುತ್ತ, ಬಟ್ಟೆಯನ್ನೂ ಕಿಂಡಿಯನ್ನೂ ಒಟ್ಟಿಗೇ ಹುಟ್ಟಿಸುತ್ತಾರೆ.

ಬಾಬಿನ್ ಎಂದೊಡನೆ ಹೊಲಿಗೆ ಯಂತ್ರದೊಳಗಿನ ಪುಟ್ಟ ಚಕ್ರ ನೆನಪಾಗಬಹುದು. ಇದು ಅದಲ್ಲ. ಪೆನ್ಸಿಲ್ ಗಾತ್ರದ ಮರದ ಇಲ್ಲವೇ ಮೂಳೆಯ ಕಡ್ಡಿ. ಮೇಲ್ಭಾಗದಲ್ಲಿ ದಾರ ಸುತ್ತಲು ಕೊರಳು. ದಾರವನ್ನು ಸಿಕ್ಕಾಗದಂತೆ ಹಿಡಿದಿಡುವುದು ಅದರ ಮೊದಲ ಕೆಲಸ, ತನ್ನ ತೂಕದಿಂದ ದಾರವನ್ನು ಬಿಗಿಯಾಗಿಡುವುದು ಎರಡನೆಯದು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಕಡೆಯ ಬಾಬಿನ್‌ಗಳ ತುದಿಗೆ ತೂಕಕ್ಕೆಂದು ಗಾಜಿನ ಮಣಿಗಳ ಬಳೆಯನ್ನೇ ಪೋಣಿಸುತ್ತಿದ್ದರು. ಕೆಲವದರ ಮೈಮೇಲೆ ಹೆಸರು, ತಾರೀಖು, ಪ್ರೀತಿಯ ಮಾತು ಕೊರೆದಿರುವುದೂ ಉಂಟು.

ವಿನ್ಯಾಸವನ್ನು ದಪ್ಪ ಕಾಗದದ ಮೇಲೆ ಚುಕ್ಕಿಗಳಲ್ಲಿ ಗುರುತಿಸಿ ದಿಂಬಿನ ಮೇಲಿಡುತ್ತಾರೆ. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಂಗೋಲಿಯ ಎಳೆ ಚುಕ್ಕಿಯನ್ನು ಬಳಸಿ ಹೋಗುವಂತೆ, ಲೇಸಿನ ದಾರ ಚುಕ್ಕಿಯ ಮೇಲೆ ನೆಟ್ಟ ಗುಂಡುಸೂಜಿಯನ್ನು ಬಳಸಿ ಹೋಗುತ್ತದೆ. ಹೆಣೆದ ಭಾಗ ಗಟ್ಟಿಯಾಗಿ ನಿಂತ ಮೇಲೆ ಸೂಜಿಗಳನ್ನು ಕಿತ್ತರೆ ಲೇಸು ಬಿಡಿಯಾಗಿ ಕೈಗೆ ಬರುತ್ತದೆ.

ವೆನಿಸ್‌ನಿಂದ ನಾಗರಕೋಯಿಲ್‌ಗೆ

ಈ ಕಲೆ ಇಟಲಿ ಮತ್ತು ಫ್ಲಾಂಡರ್ಸ್ ಪ್ರದೇಶಗಳಲ್ಲಿ ಹದಿನಾರನೆಯ ಶತಮಾನದಲ್ಲಿ ಅರಳಿತು. ಬಾಬಿನ್ ಲೇಸಿನ ನಮೂನೆಗಳ ಪುಸ್ತಕವೊಂದು ವೆನಿಸ್‌ನಲ್ಲಿ 1557ರಲ್ಲೇ ಅಚ್ಚಾಯಿತು. 1561ರಲ್ಲಿ ಜೂರಿಕ್ ನಗರದಲ್ಲಿ ಇನ್ನೊಂದು ನಮೂನೆ ಪುಸ್ತಕ ಬಂತು. ಬರೆದಾಕೆ ತನ್ನ ಹೆಸರಿನ ಎರಡು ಅಕ್ಷರಗಳನ್ನಷ್ಟೇ ಕಾಣಿಸಿದ್ದಾಳೆ. 1536ರಲ್ಲಿ ಇಟಲಿಯ ವ್ಯಾಪಾರಿಗಳ ಮೂಲಕ ಈ ಕೆಲಸ ತಮ್ಮೂರಿಗೆ ಬಂತೆಂದು ಆಕೆ ಮುನ್ನುಡಿಯಲ್ಲಿ ಹೇಳುತ್ತಾಳೆ. ವ್ಯಾಪಾರಿಗಳ ಗಂಟುಮೂಟೆಯ ಜೊತೆ ಕೈಕೆಲಸವೂ ದೇಶ ದಾಟುತ್ತಿದ್ದ ಕಾಲ ಅದು.

1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಹಾನಿಟನ್ ಲೇಸನ್ನೇ ಆರಿಸಲಾಯಿತು. ಅದರ ಹಿಂದೆ ಕಾರಣವಿತ್ತು. ಜಾನ್ ಹೀತ್‌ಕೋಟ್ ಎಂಬಾತ 1809ರಲ್ಲಿ ಲೇಸಿನ ಬಲೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1816ರಲ್ಲಿ ಲಫ್‌ಬರೋ ಊರಿನ ಆತನ ಕಾರ್ಖಾನೆಗೆ ನುಗ್ಗಿದ ಗುಂಪು ಐವತ್ತಕ್ಕೂ ಹೆಚ್ಚು ಯಂತ್ರಗಳನ್ನು ಪುಡಿಗಟ್ಟಿತು. ಆದರೂ ಯಂತ್ರ ನಿಲ್ಲಲಿಲ್ಲ. ಕೈಲೇಸಿನವರ ಹೊಟ್ಟೆಪಾಡು ಕುಸಿಯುತ್ತ ಹೋಯಿತು. ರಾಣಿಯ ಆ ಉಡುಪು ಬೀರ್ ಎಂಬ ಕಡಲತಡಿಯ ಹಳ್ಳಿ ಮತ್ತು ಸುತ್ತಲಿನ ಹೆಣ್ಣುಮಕ್ಕಳಿಗೆ ಕೆಲಕಾಲ ಕೆಲಸ ಕೊಟ್ಟಿತು.

ಭಾರತಕ್ಕೆ ಇದು ಬಂದದ್ದು ಮಿಶನರಿಗಳ ಜೊತೆ. ಆಗ ತಿರುವಾಂಕೂರು ಸಂಸ್ಥಾನದಲ್ಲಿದ್ದ, ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ನಾಗರಕೋಯಿಲ್‌ನಲ್ಲಿ ಮಾರ್ಥಾ ಮಾಲ್ಟ್ ಎಂಬ ಮಿಶನರಿ ಮಹಿಳೆ 1820ರ ದಶಕದಲ್ಲಿ ಹೆಣ್ಣುಮಕ್ಕಳಿಗೆ ದಿಂಬಿನ ಲೇಸು ಕಲಿಸಿದರು. ಹುಡುಗಿಯರಿಗೆ ಅಕ್ಷರವೇ ದುರ್ಲಭವಾಗಿದ್ದ ದಿನಗಳಲ್ಲಿ ಲೇಸಿನ ಮಾರಾಟ ಅವರ ಶಾಲೆಯ ಖರ್ಚಿಗೆ ಆಧಾರವಾಯಿತು.

ಬಾಲ್ಯ ತಿಂದ ದಿಂಬು

ಇದೇ ಲೇಸು ಇನ್ನೊಂದೆಡೆ ಮಕ್ಕಳ ಬಾಲ್ಯವನ್ನೇ ನುಂಗಿತ್ತೆಂಬುದನ್ನು ಹೆತ್ತವರು ತಿಳಿದಿರುವುದು ಒಳ್ಳೆಯದು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಂಶೈರ್ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ‘ಲೇಸ್ ಶಾಲೆ’ಗಳಿದ್ದವು. ಹೆಸರಿಗೆ ಶಾಲೆ. ಯಾವುದೋ ಮನೆಯ ಇಕ್ಕಟ್ಟಾದ ಕೋಣೆಯಲ್ಲಿ ಐದಾರು ವರ್ಷದ ಮಕ್ಕಳು, ಹುಡುಗರೂ ಸೇರಿ, ಬೆನ್ನು ಬಗ್ಗಿಸಿ ದಿಂಬಿನ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದರು. ಸಂಜೆಯಾದರೆ ಒಂದೇ ಮೇಣದಬತ್ತಿ. ಅದರ ಮುಂದೆ ನೀರು ತುಂಬಿದ ಗಾಜಿನ ಬುರುಡೆಗಳನ್ನಿಟ್ಟು, ಅವುಗಳ ಮೂಲಕ ಬೆಳಕನ್ನು ಒಬ್ಬೊಬ್ಬರ ದಿಂಬಿನ ಮೇಲೆ ಬೀಳುವಂತೆ ಮಾಡಿ, ಹಲವರು ಸುತ್ತಲೂ ಕೂತು ದುಡಿಯುತ್ತಿದ್ದರು.

ಆ ಮಕ್ಕಳು ಸೂಜಿ ಎಣಿಸುತ್ತ ಹಾಡುತ್ತಿದ್ದ ಪದಗಳನ್ನು ಜನಪದ ಸಂಗ್ರಾಹಕರು ಆಮೇಲೆ ಬರೆದಿಟ್ಟುಕೊಂಡರು. ಕೇಳುವವರಿಗೆ ಅದು ಇಂಪಾದ ಹಾಡು, ಹಾಡುತ್ತಿದ್ದವರಿಗೆ ಕೈಯ ವೇಗ ಇಳಿಯದಂತೆ ಕಾಯುವ ಲೆಕ್ಕ. ಮಕ್ಕಳ ದುಡಿಮೆಯ ಬಗ್ಗೆ ನೇಮಿಸಿದ ಸರ್ಕಾರಿ ಆಯೋಗಗಳು ಈ ಶಾಲೆಗಳ ಸ್ಥಿತಿಯನ್ನು ವರದಿ ಮಾಡಿದವು. 1867ರ ಕಾರ್ಯಾಗಾರ ಕಾಯ್ದೆ, 1880ರ ಕಡ್ಡಾಯ ಶಿಕ್ಷಣದ ಕಾಯ್ದೆ ಬಂದ ಮೇಲೆ ಲೇಸ್ ಶಾಲೆಗಳು ಮುಚ್ಚುತ್ತ ಹೋದವು.

ನಾಗರಕೋಯಿಲ್‌ನಲ್ಲಿ ಅಕ್ಷರಕ್ಕೆ ಆಸರೆಯಾದದ್ದೂ ಇದೇ ಲೇಸು, ಬೆಡ್‌ಫರ್ಡ್‌ಶೈರ್‌ನಲ್ಲಿ ಅಕ್ಷರವನ್ನು ದೂರವಿಟ್ಟದ್ದೂ ಇದೇ ಲೇಸು. ಎರಡರ ನಡುವಿನ ವ್ಯತ್ಯಾಸ ದಾರದಲ್ಲಿ ಇರಲಿಲ್ಲ; ಮಗುವಿನ ಹೊತ್ತು ಯಾರ ವಶದಲ್ಲಿತ್ತು ಎಂಬುದರಲ್ಲಿತ್ತು. ಮನೆಯಲ್ಲಿ ಮಗುವಿಗೆ ಯಾವ ಕೈಕೆಲಸ ಕಲಿಸುವಾಗಲೂ ಇದು ನೆನಪಿರಬೇಕು. ಇಂದು ಈ ಕೆಲಸಕ್ಕೆ ಗಡುವಿಲ್ಲ, ಕೂಲಿಯಿಲ್ಲ, ಸ್ಪರ್ಧೆಯೂ ಬೇಕಿಲ್ಲ.

ಒಂದು ಡಜನ್ ಕ್ಲಿಪ್ಪು ಸಾಕು

ವಿದೇಶಿ ಬಾಬಿನ್‌ಗಳಿಗಾಗಿ ಹುಡುಕಾಡಬೇಕಿಲ್ಲ. ಕಲಿಕೆಗೆ ಮನೆಯಲ್ಲಿರುವ ಸಾಮಾನೇ ಸಾಕು.

ಬಾಬಿನ್‌ಗೆ ಬದಲು ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಕ್ಲಿಪ್ಪು ಒಂದು ಡಜನ್, ಮರದ್ದಾದರೆ ಒಳ್ಳೆಯದು. ದಾರವನ್ನು ಕ್ಲಿಪ್ಪಿನ ಒಂದು ಕಾಲಿಗೆ ಸುತ್ತಿ, ಕೆಲಸಕ್ಕೆ ಹೋಗುವ ಎಳೆ ಅದರ ಬಾಯಿಯಿಂದ ಹೊರಬರುವಂತೆ ಕಚ್ಚಿಸಿದರೆ ದಾರ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ದಾರ ಬೇಕಾದಾಗ ಬಾಯಿ ತೆರೆದು ಸ್ವಲ್ಪ ಬಿಟ್ಟುಕೊಳ್ಳಬಹುದು. ಕ್ಲಿಪ್ಪಿಗೂ ಕೆಲಸಕ್ಕೂ ನಡುವೆ ಒಂದು ಗೇಣಿಗಿಂತ ಹೆಚ್ಚು ದಾರ ಇಳಿಬಿಡಬಾರದು, ಬಿಟ್ಟರೆ ಸಿಕ್ಕಾಗುತ್ತದೆ.

ದಿಂಬಿಗೆ ಬದಲು ಎರಡು ಥರ್ಮಾಕೋಲ್ ಹಲಗೆ ಜೋಡಿಸಿ, ಹಳೆಯ ಹತ್ತಿ ಬಟ್ಟೆ ಸುತ್ತಿ ಹೊಲಿಯಬಹುದು. ಒಟ್ಟು ದಪ್ಪ ನಾಲ್ಕೈದು ಸೆಂ.ಮೀ. ಇದ್ದರೆ ಸೂಜಿ ಗಟ್ಟಿಯಾಗಿ ನಿಲ್ಲುತ್ತದೆ. ಗಟ್ಟಿಯಾಗಿ ತುಂಬಿದ ಹತ್ತಿ ದಿಂಬೂ ಆದೀತು. ಹೊದಿಕೆ ಕಡು ನೀಲಿ ಅಥವಾ ಹಸಿರು ಬಣ್ಣದ್ದಾಗಿದ್ದು, ಅದರ ಮೇಲೆ ಹೂಬಳ್ಳಿಯ ಚಿತ್ತಾರ ಇಲ್ಲದಿದ್ದರೆ ಬಿಳಿ ದಾರ ಎದ್ದು ಕಾಣುತ್ತದೆ, ಕಣ್ಣಿಗೂ ಹಿತ.

ಇನ್ನು ಬೇಕಾದವು: ಕ್ರೋಷಾ ಹೆಣಿಗೆಯ ಹತ್ತಿ ದಾರ, ತುಕ್ಕು ಹಿಡಿಯದ ಗುಂಡುಸೂಜಿ, ಗ್ರಾಫ್ ಹಾಳೆ, ಅದನ್ನು ಅಂಟಿಸಲು ರಟ್ಟು, ಒಂದು ಕತ್ತರಿ. ಹೊಲಿಗೆಯ ತೆಳು ನೂಲು ಮೊದಲ ದಿನಗಳಿಗೆ ಬೇಡ. ಎಳೆ ದಪ್ಪವಾಗಿದ್ದಷ್ಟೂ ತಪ್ಪು ಬೇಗ ಕಾಣುತ್ತದೆ.

ಮೊದಲು ಕಾಗದದ ಮೇಲೆ

ದಾರ ಮುಟ್ಟುವ ಮುನ್ನ ಪೆನ್ಸಿಲ್ ಹಿಡಿಯಿರಿ. ಲೇಸಿನಲ್ಲಿ ಒಂದು ಸಲಕ್ಕೆ ಕೆಲಸ ಮಾಡುವುದು ನಾಲ್ಕು ಬಾಬಿನ್, ಅಂದರೆ ಎರಡು ಜೋಡಿ. ಎಡದಿಂದ ಬಲಕ್ಕೆ 1, 2, 3, 4 ಎಂದು ಎಣಿಸಬೇಕು. ಈ ಅಂಕಿ ಬಾಬಿನ್‌ಗೆ ಸೇರಿದ್ದಲ್ಲ, ಜಾಗಕ್ಕೆ ಸೇರಿದ್ದು. ಬಸ್ಸಿನ ಸೀಟಿನ ನಂಬರಿನ ಹಾಗೆ! ಕೂತವರು ಬದಲಾದರೂ ಸೀಟಿನ ನಂಬರು ಬದಲಾಗುವುದಿಲ್ಲ.

ದಾಟು ಎಂದರೆ ನಡುವಿನ ಎರಡು ಬಾಬಿನ್ ಅದಲುಬದಲು. ಎರಡನೆಯ ಜಾಗದ್ದು ಮೂರನೆಯದರ ಮೇಲೆ ಹಾಯ್ದು ಬಲಕ್ಕೆ ಹೋಗುತ್ತದೆ.

ಹೊಸೆ ಎಂದರೆ ಎರಡೂ ಜೋಡಿಗಳು ತಮ್ಮೊಳಗೇ ಅದಲುಬದಲು. ಎರಡನೆಯದು ಒಂದನೆಯದರ ಮೇಲೆ, ನಾಲ್ಕನೆಯದು ಮೂರನೆಯದರ ಮೇಲೆ ಹಾಯ್ದು ಎಡಕ್ಕೆ ಬರುತ್ತವೆ.

ದಾಟುವಾಗ ಎಡದ್ದು ಮೇಲೆ, ಹೊಸೆಯುವಾಗ ಬಲದ್ದು ಮೇಲೆ. ಈ ಒಂದು ನಿಯಮ ಬಾಯಿಪಾಠವಾಗಬೇಕು.

ಈಗ ಕಾಗದದ ಮೇಲೆ ನಾಲ್ಕು ಎಳೆಗಳನ್ನು 1234 ಎಂದು ಬರೆದು ದಾಟಿಸಿ: 1324. ಹೊಸೆಯಿರಿ: 3142. ಮತ್ತೆ ದಾಟಿಸಿ: 3412. ನೋಡಿ, ಎಡಗಡೆಯಿದ್ದ 1 ಮತ್ತು 2 ಜೊತೆಯಾಗಿಯೇ ಬಲಕ್ಕೆ ಬಂದವು, 3 ಮತ್ತು 4 ಎಡಕ್ಕೆ ಹೋದವು. ‘ದಾಟು, ಹೊಸೆ, ದಾಟು’ ಎಂಬುದೇ ಬಟ್ಟೆ ಹೆಣಿಗೆ. ಬರೀ ‘ದಾಟು, ಹೊಸೆ’ಗೆ ನಿಲ್ಲಿಸಿದರೆ 3142, ಜೋಡಿಗಳು ಒಡೆದು ಬೆರೆತಿವೆ. ಅದು ಅರೆ ಹೆಣಿಗೆ. ಲೇಸಿನ ದಟ್ಟ ಎಲೆ, ಹೂಗಳೆಲ್ಲ ಸಾಮಾನ್ಯವಾಗಿ ಬಟ್ಟೆ ಹೆಣಿಗೆ. ಜಾಳುಜಾಳಾಗಿ ಬಲೆಯಂತೆ ಕಾಣುವ ಭಾಗ ಹೆಚ್ಚಾಗಿ ಅರೆ ಹೆಣಿಗೆ.

ಗಣಿತದ ವಿದ್ಯಾರ್ಥಿಗಳಿಗೆ ಇದು ಆಟವಷ್ಟೇ ಅಲ್ಲ. ಎಳೆಗಳು ಒಂದರ ಮೇಲೊಂದು ಹಾಯುವ ಬಗೆಯನ್ನೇ ಹಿಡಿದು ಎಮಿಲ್ ಆರ್ಟಿನ್ ಎಂಬ ಗಣಿತಜ್ಞ 1925ರಲ್ಲಿ ಜಡೆಗಳ ಗಣಿತವನ್ನು ರೂಪಿಸಿದ.

ಮೊದಲ ಪಾಠ: ನಾಲ್ಕೆಳೆಯ ಜಡೆ

ಇದು ಮುಂಗೈಗೆ ಕಟ್ಟುವ ಪಟ್ಟಿ. ಕೆಂಪು, ಹಳದಿ, ಹಸಿರು, ನೀಲಿ ದಾರಗಳನ್ನು ತಲಾ 60 ಸೆಂ.ಮೀ. ಕತ್ತರಿಸಿ, ನಾಲ್ಕರ ತುದಿಯನ್ನೂ ಸೇರಿಸಿ ಗಂಟು ಹಾಕಿ. ಗಂಟಿನ ನಡುವೆ ಸೂಜಿ ಚುಚ್ಚಿ ದಿಂಬಿಗೆ ನೆಡಿ. ಒಂದೊಂದು ಎಳೆಗೆ ಒಂದೊಂದು ಕ್ಲಿಪ್ಪು.

ಇನ್ನು ಮಾಡುವುದಿಷ್ಟೇ: ದಾಟು, ಹೊಸೆ, ದಾಟು, ಹೊಸೆ... ಪ್ರತಿ ಸಲವೂ ಎರಡು ಜೋಡಿಗಳನ್ನು ಎರಡು ಪಕ್ಕಕ್ಕೆ ಮೆಲ್ಲಗೆ ಎಳೆದರೆ ಹೆಣಿಗೆ ಮೇಲಕ್ಕೆ ಸರಿದು ಬಿಗಿಯಾಗುತ್ತದೆ. ಎಳೆತ ಒಂದೇ ಸಮನಾಗಿರಲಿ. ಬಿಗಿ ಹೆಚ್ಚಾದರೆ ಪಟ್ಟಿ ಹುರಿಯಂತಾಗುತ್ತದೆ, ಕಡಿಮೆಯಾದರೆ ಜೋತುಬೀಳುತ್ತದೆ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಬಣ್ಣಗಳೇ ಹೇಳುತ್ತವೆ. ನಾಲ್ಕು ಸಲ ‘ದಾಟು, ಹೊಸೆ’ ಮುಗಿದಾಗ ಕೆಂಪು, ಹಳದಿ, ಹಸಿರು, ನೀಲಿ ಮೊದಲಿದ್ದ ಸಾಲಿನಲ್ಲೇ ಮತ್ತೆ ನಿಂತಿರಬೇಕು. ನಿಂತಿಲ್ಲವಾದರೆ ಎಲ್ಲೋ ಒಂದು ಚಲನೆ ತಪ್ಪಿದೆ. ಕಾಗದದ ಮೇಲೆ 1234ರಿಂದ ಹೊರಟು ಇದನ್ನು ಮೊದಲೇ ಪರೀಕ್ಷಿಸಿ ನೋಡಬಹುದು.

ಸೂಜಿ ಹಿಡಿಯುವ ವಯಸ್ಸಾಗದ ಮಕ್ಕಳಿಗೆ ದಪ್ಪ ಹುರಿಯನ್ನು ಕಿಟಕಿಯ ಸರಳಿಗೆ ಕಟ್ಟಿಕೊಟ್ಟರೆ ಕ್ಲಿಪ್ಪು, ದಿಂಬು ಏನೂ ಬೇಡ. ಈ ಜಡೆಯನ್ನು ಹಾಗೆಯೇ ಹೆಣೆಯುತ್ತಾರೆ.

ಎರಡನೆಯ ಪಾಠ: ಹಾಸು ಹೊಕ್ಕು

ನೇಕಾರರ ಮಗ್ಗದಲ್ಲಿ ಉದ್ದಕ್ಕೆ ನಿಲ್ಲುವ ಎಳೆ ಹಾಸು, ಅಡ್ಡಕ್ಕೆ ಓಡಾಡುವುದು ಹೊಕ್ಕು. ಬಟ್ಟೆ ಹೆಣಿಗೆಯಲ್ಲೂ ಹಾಗೆಯೇ. ಆರು ಜೋಡಿಯಲ್ಲಿ ಐದು ಜೋಡಿ ಹಾಸು, ಒಂದು ಜೋಡಿ ಹೊಕ್ಕು.

ನಕ್ಷೆ ಸುಲಭ. ಗ್ರಾಫ್ ಹಾಳೆಯಲ್ಲಿ ಒಂದೂವರೆ ಸೆಂ.ಮೀ. ಅಂತರದಲ್ಲಿ ಎರಡು ಲಂಬ ಗೆರೆ ಎಳೆಯಿರಿ. ಎಡಗೆರೆಯ ಮೇಲೆ ಅರ್ಧ ಸೆಂ.ಮೀ.ಗೊಂದು ಚುಕ್ಕಿ. ಬಲಗೆರೆಯ ಮೇಲೂ ಅಷ್ಟೇ ದೂರಕ್ಕೊಂದು ಚುಕ್ಕಿ, ಆದರೆ ಎಡಗಡೆಯ ಎರಡು ಚುಕ್ಕಿಗಳ ನಡುಮಟ್ಟಕ್ಕೆ ಬರುವಂತೆ. ಉದ್ದ 10 ಸೆಂ.ಮೀ. ಸಾಕು. ರಟ್ಟಿಗೆ ಅಂಟಿಸಿ, ಚುಕ್ಕಿಗಳನ್ನು ಸೂಜಿಯಿಂದ ಮೊದಲೇ ತೂತು ಮಾಡಿಟ್ಟುಕೊಳ್ಳಿ.

ಹಾಸಿಗೆ ಬಿಳಿ ದಾರ, ತಲಾ ಒಂದೂವರೆ ಮೀಟರಿನ ಐದು ತುಂಡು. ಹೊಕ್ಕಿಗೆ ಕೆಂಪು ದಾರ, ಮೂರು ಮೀಟರಿನ ಒಂದು ತುಂಡು. ಹೊಕ್ಕು ಅಡ್ಡಡ್ಡ ಓಡಾಡುವುದರಿಂದ ಅದಕ್ಕೆ ದಾರ ಹೆಚ್ಚು ಬೇಕು. ಪ್ರತಿ ತುಂಡಿನ ಎರಡು ತುದಿಗೂ ಒಂದೊಂದು ಕ್ಲಿಪ್ಪು ಸುತ್ತಿದರೆ ಅದೇ ಒಂದು ಜೋಡಿ. ನಕ್ಷೆಯ ತಲೆಯಲ್ಲಿ, ಎರಡು ಗೆರೆಗಳ ನಡುವೆ, ಸಾಲಾಗಿ ಐದು ಸೂಜಿ ನೆಟ್ಟು ಬಿಳಿ ಜೋಡಿಗಳನ್ನು ನಡುದಾರದಿಂದ ನೇತುಹಾಕಿ. ಕೆಂಪು ಜೋಡಿಯನ್ನು ಎಡಗೆರೆಯ ಮೊದಲ ಚುಕ್ಕಿಯ ಸೂಜಿಗೆ ಹಾಕಿ.

ಈಗ ಕೆಂಪು ಜೋಡಿಯನ್ನೂ ಅದರ ಪಕ್ಕದ ಬಿಳಿ ಜೋಡಿಯನ್ನೂ ಮಾತ್ರ ಎತ್ತಿಕೊಳ್ಳಿ. ದಾಟು, ಹೊಸೆ, ದಾಟು. ಕೆಂಪು ಒಂದು ಹೆಜ್ಜೆ ಬಲಕ್ಕೆ ಬಂತು. ಹಿಂದೆ ಉಳಿದ ಬಿಳಿ ಜೋಡಿಯನ್ನು ಎಡಕ್ಕೆ ಸರಿಸಿ ಮುಂದಿನ ಬಿಳಿ ಜೋಡಿ ತೆಗೆದುಕೊಳ್ಳಿ. ಮತ್ತೆ ಅದೇ. ಐದು ಬಾರಿ ಮಾಡಿದಾಗ ಕೆಂಪು ಬಲ ಅಂಚಿಗೆ ಮುಟ್ಟುತ್ತದೆ. ಅಲ್ಲಿ ಕೆಂಪು ಜೋಡಿಯೊಂದನ್ನೇ ಎರಡು ಸಲ ಹೊಸೆದು, ಬಲಗೆರೆಯ ಮೊದಲ ಚುಕ್ಕಿಗೆ ಸೂಜಿ ನೆಡಿ. ಸೂಜಿ ಕೆಂಪು ಜೋಡಿಗೂ ಕೊನೆಯ ಬಿಳಿ ಜೋಡಿಗೂ ನಡುವೆ ನಿಲ್ಲಬೇಕು. ಆಗ ಮರಳುವ ಕೆಂಪು ದಾರ ಸೂಜಿಯನ್ನು ಬಳಸಿ ಬರುತ್ತದೆ, ಅಂಚು ನೆಟ್ಟಗಾಗುತ್ತದೆ.

ಹಿಂದಿರುಗುವಾಗ ಕೆಂಪು ಬಲಗಡೆಯ ಜೋಡಿ, ಬಿಳಿ ಎಡಗಡೆಯದು. ನಿಯಮ ಮಾತ್ರ ಬದಲಾಗುವುದಿಲ್ಲ: ದಾಟು, ಹೊಸೆ, ದಾಟು. ಎಡ ಅಂಚಿಗೆ ಬಂದಾಗ ಮತ್ತೆ ಎರಡು ಹೊಸೆತ, ಸೂಜಿ, ಮರಳಿ ಪಯಣ. ಪ್ರತಿ ಸೂಜಿ ನೆಟ್ಟ ಮೇಲೂ ಎಲ್ಲ ಬಿಳಿ ಜೋಡಿಗಳನ್ನು ಒಮ್ಮೆ ಕೆಳಕ್ಕೆ ಮೃದುವಾಗಿ ಎಳೆಯಿರಿ. ಅಂಚಿನ ಸೂಜಿಗಳು ಸ್ವಲ್ಪ ಹೊರಕ್ಕೆ ಒರಗಿರಲಿ. ನಾಲ್ಕು ಸಾಲು ಕಳೆಯುವಷ್ಟರಲ್ಲಿ ಬಿಳಿಯ ನಡುವೆ ಕೆಂಪು ಗೆರೆಗಳು ಮೂಡಿ, ಬೆರಳಷ್ಟು ಅಗಲದ ಬಟ್ಟೆಯೇ ಹುಟ್ಟುತ್ತಿರುವುದು ಕಾಣುತ್ತದೆ. ಅಂಚಿಗೆ ಬಂದಾಗ ಕೆಂಪಿನ ಜಾಗದಲ್ಲಿ ಒಂದು ಬಿಳಿ ದಾರ ಬಂದಿದ್ದರೆ ಅಲ್ಲಿಯೇ ನಿಲ್ಲಬೇಕು. ತಪ್ಪು ಈ ಸಾಲಿನಲ್ಲೇ ಆಗಿದೆ.

ಮೂರನೆಯ ಪಾಠ: ಬಿಸಿಲು ನೆರಳಿನ ಪುಟಗುರುತು

ಕಲಿತದ್ದನ್ನೆಲ್ಲ ಸೇರಿಸಿದರೆ ಓದುವ ಪುಸ್ತಕದಲ್ಲಿ ಇಡಬಹುದಾದ ಪುಟಗುರುತು ಸಿದ್ಧ. ನಕ್ಷೆ ಅದೇ. ದಾರ ಈ ಸಲ ಒಂದೇ ಬಣ್ಣ, ಆರು ಜೋಡಿಗೂ ಎರಡೂವರೆ ಮೀಟರಿನಂತೆ. ಅರೆ ಹೆಣಿಗೆಯಲ್ಲಿ ಎಳೆಗಳು ಜೋಡಿ ಬಿಟ್ಟು ಜೋಡಿಗೆ ಹೋಗುವುದರಿಂದ ಯಾವ ದಾರ ಯಾವಾಗ ಹೊಕ್ಕಾಗುತ್ತದೆಂದು ಹೇಳಲಾಗದು. ಹಾಗಾಗಿ ಎಲ್ಲಕ್ಕೂ ಒಂದೇ ಅಳತೆ.

10 ಸೆಂ.ಮೀ. ಉದ್ದವನ್ನು 2 ಸೆಂ.ಮೀ.ನ ಐದು ಮನೆಗಳಾಗಿ ಮಾಡಿ. ಒಂದು, ಮೂರು, ಐದನೆಯ ಮನೆ ಬಟ್ಟೆ ಹೆಣಿಗೆ. ಎರಡು ಮತ್ತು ನಾಲ್ಕನೆಯದು ಅರೆ ಹೆಣಿಗೆ. ಒಂದೊಂದು ಮನೆಗೆ ಎಂಟು ಸಾಲು ಬರುತ್ತದೆ.

ಅರೆ ಹೆಣಿಗೆ ಶುರು ಮಾಡುವ ಮುನ್ನ ಪ್ರತಿ ಜೋಡಿಯನ್ನೂ ಒಮ್ಮೆ ಹೊಸೆಯಿರಿ. ಆಮೇಲೆ ಪ್ರತಿ ಸಾಲಿನಲ್ಲಿ ಅಂಚಿನ ಜೋಡಿಯೊಡನೆ ‘ದಾಟು, ಹೊಸೆ, ದಾಟು, ಹೊಸೆ’. ನಡುವಿನ ಮೂರು ಜೋಡಿಗಳೊಡನೆ ಬರೀ ‘ದಾಟು, ಹೊಸೆ’. ಇನ್ನೊಂದು ಅಂಚಿನ ಜೋಡಿಯೊಡನೆ ಮತ್ತೆ ‘ದಾಟು, ಹೊಸೆ, ದಾಟು, ಹೊಸೆ’. ಹೊಕ್ಕು ಜೋಡಿಯನ್ನು ಇನ್ನೊಮ್ಮೆ ಹೊಸೆದು ಸೂಜಿ. ಅಂಚು ಗಟ್ಟಿಯಾಗಿ ನಿಲ್ಲುತ್ತದೆ, ನಡುವೆ ಓರೆಯೋರೆ ಎಳೆಗಳ ಬಲೆ ತೆರೆದುಕೊಳ್ಳುತ್ತದೆ. ಮುಗಿದ ಪಟ್ಟಿಯನ್ನು ಬೆಳಕಿಗೆ ಹಿಡಿದರೆ ಬಟ್ಟೆ ಹೆಣಿಗೆ ನೆರಳಾಗಿಯೂ ಅರೆ ಹೆಣಿಗೆ ಬಿಸಿಲಾಗಿಯೂ ಕಾಣುತ್ತದೆ. ದೊಡ್ಡ ದೊಡ್ಡ ಲೇಸುಗಳ ಹೂಬಳ್ಳಿಯ ಗುಟ್ಟೆಲ್ಲ ಈ ಬಿಸಿಲು ನೆರಳಿನಲ್ಲೇ ಇದೆ.

ಕೊನೆಯಲ್ಲಿ ಆರು ಜೋಡಿ ಉಳಿಯುತ್ತದೆ. ಎರಡೆರಡು ಜೋಡಿ ಸೇರಿಸಿ ಮೊದಲ ಪಾಠದ ಜಡೆ ಹೆಣೆದರೆ ಮೂರು ಪುಟ್ಟ ಬಾಲಗಳು! ಐದು ಸೆಂ.ಮೀ. ಆದ ಮೇಲೆ ಗಂಟು ಹಾಕಿ ಕತ್ತರಿಸಿ. ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಸೂಜಿಗಳನ್ನು ಒಂದೊಂದಾಗಿ ನೇರಕ್ಕೆ ಎತ್ತಿ ತೆಗೆಯಿರಿ. ತೆಳು ಗಂಜಿಯಲ್ಲಿ ಅದ್ದಿ, ಬಟ್ಟೆಯ ನಡುವೆ ಹರವಿ ಒಣಗಿಸಿದರೆ ಪಟ್ಟಿ ಮುದುಡುವುದಿಲ್ಲ.

ತಪ್ಪಿದರೆ?

ತಪ್ಪುತ್ತದೆ. ಮೊದಲ ವಾರ ತಪ್ಪುವುದೇ ಹೆಚ್ಚು. ದಾಟುವಾಗ ಬಲದ್ದು ಮೇಲೆ ಬಂದಿರುತ್ತದೆ, ಒಂದು ಜೋಡಿಯನ್ನು ಬಿಟ್ಟು ಮುಂದಕ್ಕೆ ಹೋಗಿರುತ್ತದೆ, ಅಂಚಿನಲ್ಲಿ ಹೊಸೆಯುವುದು ಮರೆತಿರುತ್ತದೆ. ಸಾಮಾನ್ಯ ತಪ್ಪುಗಳು ಈ ಮೂರೇ.

ಲೇಸಿನ ಒಳ್ಳೆಯ ಗುಣವೆಂದರೆ ಇಲ್ಲಿ ಗಂಟುಗಳು ಆರಂಭಕ್ಕೂ ಅಂತ್ಯಕ್ಕೂ ಮಾತ್ರ. ನಡುವಿನದೆಲ್ಲ ಹಾಯ್ದ ಎಳೆ. ಹಳ್ಳಿಗಳ ಜಡೆಕೋಲಾಟವನ್ನು ನೋಡಿದವರಿಗೆ ಇದು ಗೊತ್ತು. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಕುಣಿಯುತ್ತ ಜಡೆ ಹೆಣೆಯುವವರು, ಹೆಜ್ಜೆಗಳನ್ನು ಹಿಂದುಮುಂದಾಗಿ ಹಾಕಿ ಅದೇ ಜಡೆಯನ್ನು ಬಿಚ್ಚುತ್ತಾರೆ. ಇಲ್ಲೂ ಅಷ್ಟೇ. ಕೊನೆಗೆ ಮಾಡಿದ್ದನ್ನು ಮೊದಲು ಬಿಡಿಸಬೇಕು. ದಾಟಿದ್ದನ್ನು ವಾಪಸು ದಾಟಿಸಿ, ಹೊಸೆದದ್ದನ್ನು ವಾಪಸು ಸರಿಸಿ, ತಪ್ಪಾದ ಜಾಗಕ್ಕೆ ಬರಬೇಕು. ಕತ್ತರಿ ಹಾಕಿದರೆ ಕೆಲಸ ಕೆಟ್ಟಂತೆ. ಮಗು ಬಿಡಿಸುವಾಗ ದೊಡ್ಡವರು ಕೈಯಿಂದ ಕಿತ್ತುಕೊಂಡು ‘ಕೊಡು ಇಲ್ಲಿ’ ಎನ್ನದಿರುವುದೇ ಒಳಿತು. ಬಿಡಿಸುವಾಗಲೇ ಎಳೆ ಹೋದ ದಾರಿ ಅರ್ಥವಾಗುವುದು.

ಹೆತ್ತವರ ಗಮನಕ್ಕೆ

ಸೂಜಿಯ ಕೆಲಸ ಒಂಬತ್ತು ಹತ್ತು ವರ್ಷದ ಮೇಲಿನ ಮಕ್ಕಳಿಗೆ ಸರಿ. ಕೂರುವ ಮುನ್ನ ಸೂಜಿಗಳನ್ನು ಎಣಿಸಿ ಕೊಡಿ, ಏಳುವಾಗ ಎಣಿಸಿ ತೆಗೆದಿಡಿ. ಅಂಬೆಗಾಲಿಡುವ ಮಗು ಮನೆಯಲ್ಲಿದ್ದರೆ ದಿಂಬನ್ನು ಬಟ್ಟೆ ಮುಚ್ಚಿ ಎತ್ತರದ ಕಪಾಟಿನಲ್ಲಿಡಬೇಕು. ಕೆಲಸ ಹಗಲು ಬೆಳಕಿನಲ್ಲಾಗಲಿ. ದಿಂಬು ಮೇಜಿನ ಮೇಲೆ ತುಸು ಇಳಿಜಾರಾಗಿರಲಿ, ಕತ್ತು ಬಗ್ಗಿಸುವುದು ತಪ್ಪುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಸಾಕೆನಿಸಿದಾಗ ಏಳುವ ಸ್ವಾತಂತ್ರ್ಯ ಮಗುವಿಗಿರಲಿ. ಅರ್ಧ ಸಾಲಿನಲ್ಲಿ ನಿಲ್ಲಿಸಿದರೂ ಸೂಜಿಗಳು ಕೆಲಸವನ್ನು ಇದ್ದಲ್ಲೇ ಹಿಡಿದಿರುತ್ತವೆ. ಇದು ಹುಡುಗಿಯರ ಕೆಲಸ ಎಂಬ ಮಾತೂ ಬೇಡ. ಲೆಕ್ಕ, ಅಳತೆ, ನಕ್ಷೆ ಇರುವ ಈ ಕೆಲಸ ಹುಡುಗರಿಗೂ ಅಷ್ಟೇ ಒಗ್ಗುತ್ತದೆ.

ಸ್ಲೊವೇನಿಯಾ ದೇಶದಲ್ಲಿ ಇದ್ರಿಯಾ ಎಂಬ ಊರಿದೆ. ಪಾದರಸದ ಗಣಿಗೆ ಹೆಸರಾಗಿದ್ದ ಊರು. ಗಣಿ ಕಾರ್ಮಿಕರ ಹೆಂಡಿರು ಮಕ್ಕಳು ಲೇಸು ಹೆಣೆದು ಸಂಸಾರದ ಸಣ್ಣ ಆದಾಯಕ್ಕೆ ಆಸರೆಯಾಗುತ್ತಿದ್ದರು. 1876ರಲ್ಲಿ ಅಲ್ಲಿ ತೆರೆದ ಲೇಸ್ ಶಾಲೆ ಗಣಿ ಮುಚ್ಚಿದ ಮೇಲೂ ನಡೆದುಕೊಂಡು ಬಂದಿದೆ. ಊರಿನ ಮಕ್ಕಳು ಓದಿನ ಜೊತೆ ಇಷ್ಟಪಟ್ಟು ಅಲ್ಲಿಗೆ ಹೋಗುತ್ತಾರೆ. 2018ರಲ್ಲಿ ಯುನೆಸ್ಕೊ ಸ್ಲೊವೇನಿಯಾದ ಬಾಬಿನ್ ಲೇಸನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಟ್ಟೆಪಾಡಿನ ಒತ್ತಾಯ ಕಳೆದ ಮೇಲೂ ಒಂದು ಕಲೆ ಉಳಿಯಬಲ್ಲದು ಎಂಬುದಕ್ಕೆ ಆ ಊರು ಸಾಕ್ಷಿ.

ಮೊದಲ ಪುಟಗುರುತಿನ ಅಂಚು ಅಂಕುಡೊಂಕಾಗಿಯೇ ಇರುತ್ತದೆ. ಅದನ್ನು ಎಸೆಯಬೇಡಿ. ಹಿಂಬದಿಗೆ ಕಾಗದದ ಚೂರು ಹೊಲಿದು ತಾರೀಖು ಬರೆದಿಡಿ. ಐದನೆಯದನ್ನು ಹೆಣೆದು ಪಕ್ಕದಲ್ಲಿಟ್ಟು ನೋಡಿದ ದಿನ, ಬೆರಳುಗಳು ಏನು ಕಲಿತವೆಂದು ಮಗುವಿಗೆ ಯಾರೂ ಹೇಳಬೇಕಾಗುವುದಿಲ್ಲ.